ಧಾರೆಯ ಕಾಯಿಯ ಪರೀಕ್ಷೆ

ಎಂಟನೆಯ ಹೋಳನ್ನು ತುರಿಯುವ ಹೊತ್ತಿಗೆ ತುಂಗಾಳಿಗೆ ಬಲಗೈ ತನ್ನದೇ ಅನ್ನಿಸುತ್ತಿರಲಿಲ್ಲ. ಈಳಿಗೆಮಣೆಯ ಮೇಲೆ ಒಂದು ಕಾಲು ಮಡಿಸಿ ಕೂತು, ಹೋಳನ್ನು ತಿರುಗಿಸಿ ತಿರುಗಿಸಿ ಹಲ್ಲಿಗೆ ಒತ್ತುತ್ತಿದ್ದಳು. ತಟ್ಟೆಯಲ್ಲಿ ಕಾಯಿತುರಿ ಗೋಪುರದ ಹಾಗೆ ಎದ್ದಿತ್ತು. ಪಕ್ಕದ ಬುಟ್ಟಿಯಲ್ಲಿ ಇನ್ನೂ ಹತ್ತು ಹೋಳುಗಳು, ಊಟದ ಪಂಕ್ತಿಯಲ್ಲಿ ಕೂತ ನೆಂಟರ ಹಾಗೆ, ಅಲುಗಾಡದೆ ಕಾಯುತ್ತಿದ್ದವು.

ಸೋಮವಾರ ಕಾಯಿ ಅನ್ನವಾಗಿತ್ತು. ಮಂಗಳವಾರ ಕಾಯಿ ಹೋಳಿಗೆ. ಬುಧವಾರ ಕೊಬ್ಬರಿ ಮಿಠಾಯಿ ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚಿದ್ದಳು. ಗುರುವಾರವೂ ಮಿಠಾಯಿಯ ಡಬ್ಬಿ ಹಿಡಿದು ಹೋದಾಗ, ಎದುರುಮನೆಯಾಕೆ ಬಾಗಿಲು ತೆರೆಯದೆ ಕಿಟಕಿಯಿಂದಲೇ, "ನಮ್ಮಲ್ಲಿ ಎಲ್ರಿಗೂ ಕೆಮ್ಮು ಕಣ್ರೀ, ಬೇಜಾರು ಮಾಡ್ಕೋಬೇಡಿ" ಎಂದುಬಿಟ್ಟಿದ್ದಳು. ಅವಳ ಹಿಂದೆ ಅವಳ ಗಂಡ ಸುಳ್ಳು ಸುಳ್ಳೇ ಒಮ್ಮೆ ಕೆಮ್ಮಿದ್ದೂ ಕೇಳಿಸಿತ್ತು.

ಹಾಗೆಂದು ಬಸವೇಶ್ವರನಗರದ ಆ ಮನೆಯಲ್ಲಿ ಹಬ್ಬವೇನೂ ಇರಲಿಲ್ಲ. ಪ್ರಯೋಗವಿತ್ತು.

ತುಂಗಾಳ ಗಂಡ ವೆಂಕಟಗಿರಿ ಪಿಂಗಾಣಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದರು. ಕರೆಂಟಿನ ಕಂಬಕ್ಕೆ ಹಾಕುವ ಪಿಂಗಾಣಿ ಬಟ್ಟಲುಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಇಪ್ಪತ್ತೈದು ವರ್ಷ ತಟ್ಟಿ ತಟ್ಟಿ ಅವರಿಗೆ ಬೇಸರ ಬಂದಿತ್ತು. ಅಷ್ಟರಲ್ಲಿ, ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ, ಅವರ ಜೊತೆ ಕೆಲಸ ಮಾಡುವ ಲಕ್ಷ್ಮೀಪತಿಯ ಭಾವಮೈದುನ ಸಿಂಗಾಪುರದಿಂದ ಪುಟ್ಟ ಕಂಪ್ಯೂಟರ್ ತಂದುಕೊಟ್ಟ. ನೋಡಲು ಪಂಚಾಂಗದಷ್ಟು ದಪ್ಪ, ಮೈತುಂಬ ರಬ್ಬರಿನ ಗುಂಡಿ. ಟೀವಿಗೂ ಟೇಪ್ ರೆಕಾರ್ಡರಿಗೂ ಅದನ್ನು ವೈರಿನಿಂದ ಜೋಡಿಸಬೇಕು. ಕಿವಿ ಮಾಡುವ ಕೆಲಸವನ್ನು ಅದಕ್ಕೆ ಕಲಿಸಿಬಿಡಬಹುದು ಎಂದು ವೆಂಕಟಗಿರಿಗೆ ಹೊಳೆಯಿತು. ಪಿಂಗಾಣಿಯನ್ನು ಮನೆಗೆ ತರುವ ಹಾಗಿಲ್ಲ, ಗೇಟಿನಲ್ಲಿ ಹಿಡಿಯುತ್ತಾರೆ. ತಟ್ಟಿದರೆ ಸದ್ದು ಮಾಡುವ, ಒಳಗೇನಿದೆ ಎಂದು ಹೊರಗಿನಿಂದ ತಿಳಿಯದ ಇನ್ನೊಂದು ವಸ್ತು ಬೇಕಿತ್ತು. ಅಡುಗೆಮನೆಯ ಮೂಲೆಯಲ್ಲಿ ಜುಟ್ಟು ಬಿಟ್ಟುಕೊಂಡು ಕೂತಿತ್ತು.

ಕಲಿಸುವ ಕ್ರಮ ಹೀಗೆ: ಕಾಯನ್ನು ಮೈಕಿನ ಮುಂದೆ ಹಿಡಿದು ತುಂಗಾಳ ಲಟ್ಟಣಿಗೆಯಿಂದ ಒಂದು ಏಟು. ಆಮೇಲೆ ಒಡೆದು ನೋಡಿ, ಒಳ್ಳೆಯದೋ ಕೆಟ್ಟದ್ದೋ ಎಂದು ಗುಂಡಿ ಒತ್ತಿ ಯಂತ್ರಕ್ಕೆ ಹೇಳುವುದು. ಹೀಗೆ ಮೂವತ್ತು ಕಾಯಿ ಆದಮೇಲೆ ಹೊಸ ಕಾಯಿಯ ಸದ್ದನ್ನಷ್ಟೇ ಕೇಳಿಸಿದರೆ, ಯಂತ್ರವೇ ಟೀವಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಒಳ್ಳೇದು' ಅಥವಾ 'ಕೆಟ್ಟದ್ದು' ಎಂದು ಬರೆಯಬೇಕು. ಆ ದಿನಗಳಲ್ಲಿ ತುಂಗಾ ಚಪಾತಿ ಲಟ್ಟಿಸಲು ಹಾರ್ಲಿಕ್ಸ್ ಬಾಟಲಿ ಬಳಸುತ್ತಿದ್ದಳು.

"ತುಂಗಾ, ಹತ್ತಕ್ಕೆ ಒಂಬತ್ತು ಸರಿ ಹೇಳ್ತು ಕಣೇ!" ಎನ್ನುತ್ತ ಈಗ ವೆಂಕಟಗಿರಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೂದಲಲ್ಲಿ ಕಾಯಿನಾರು ಸಿಕ್ಕಿಕೊಂಡಿತ್ತು.

"ನೂರಕ್ಕೆ ತೊಂಬತ್ತು. ಸಾಕಲ್ಲ ಬಿಡಿ. ಇನ್ನಾದ್ರೂ ಲಟ್ಟಣಿಗೆ ಕೊಡಿ."

"ಹಾಗಲ್ಲ ಕಣೇ. ಹತ್ತೇ ಕಾಯಿ ನೋಡಿ ತೊಂಬತ್ತು ಅಂತ ಹೇಳೋಕಾಗಲ್ಲ. ಅದೃಷ್ಟ ಇದ್ದಿರ್ಬಹುದು. ಇದಕ್ಕೆ ಕಾನ್ಫಿಡೆನ್ಸ್ ಇಂಟರ್ವಲ್ ಅಂತ ಲೆಕ್ಕ ಇದೆ. ಅದರ ಪ್ರಕಾರ ಯಂತ್ರದ ನಿಜವಾದ ಯೋಗ್ಯತೆ ಅರವತ್ತರಿಂದ ತೊಂಬತ್ತೆಂಟರ ನಡುವೆ ಎಲ್ಲೋ ಇದೆ."

"ಎಲ್ಲೋ ಅಂದ್ರೆ?"

"ಎಲ್ಲೋ."

ತುಂಗಾ ಹೋಳನ್ನು ಕೆಳಗಿಟ್ಟಳು. "ಅಲ್ಲಾ ರೀ, ಅರವತ್ತು ತಗೊಂಡೋನು ಪಾಸು, ತೊಂಬತ್ತೆಂಟು ತಗೊಂಡೋನು ರ‍್ಯಾಂಕು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಇವರಲ್ಲಿ ಯಾರೋ ಒಬ್ಬ ಅಂದ್ರೆ ಹೆಂಗೆ?"

"ಅದೇ ನಾನು ಹೇಳ್ತಿರೋದು! ಈ ಅಂತರ ಕಮ್ಮಿ ಮಾಡ್ಬೇಕು. ಅರ್ಧ ಮಾಡ್ಬೇಕು ಅಂದ್ರೆ ನಾಲ್ಕು ಪಟ್ಟು ಕಾಯಿ ಬೇಕು."

ಹಜಾರದಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಅಂಜನಮ್ಮನ ಕೈ ನಿಂತಿತು. "ನಲವತ್ತಾ? ಲೇ ಗಿರಿ, ನಂಗೆ ನಿನ್ನೆಯಿಂದ ತೇಗಿದ್ರೂ ಕಾಯಿ ವಾಸನೆ ಬರ್ತಿದೆ ಕಣೋ. ತಲೆಗೂ ಅದೇ, ಹೊಟ್ಟೆಗೂ ಅದೇ. ನನ್ನನ್ನ ಯಾರಾದ್ರೂ ಒಡೆದ್ರೆ ಒಳಗೆ ಎಳನೀರೇ ಇರೋದು."

"ಅಮ್ಮ, ವಿಜ್ಞಾನ."

"ವಿಜ್ಞಾನಾನ ನೀನೇ ತಿನ್ನು."

ತುಂಗಾ ನಗಲಿಲ್ಲ. ಅವಳ ತಲೆಯಲ್ಲಿ ಬೇರೇನೋ ಕೊರೆಯುತ್ತಿತ್ತು.

ಆ ಬೀದಿಯಲ್ಲಿ, ಬೀದಿಯೇನು, ವಿಜಯನಗರದಿಂದ ಚಂದ್ರಾ ಲೇಔಟಿನವರೆಗೆ ಗೊತ್ತಿದ್ದವರಲ್ಲೆಲ್ಲ, ಕಾಯಿ ಆರಿಸಬೇಕೆಂದರೆ ತುಂಗಾ ಬರಬೇಕು. ಸತ್ಯನಾರಾಯಣ ಪೂಜೆಯಿರಲಿ, ಹೊಸ ಸ್ಕೂಟರಿನ ಚಕ್ರದ ಮುಂದೆ ಒಡೆಯುವುದಿರಲಿ, ಅವಳೇ ತಟ್ಟಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ಕೇಳಿ, "ಇದು" ಎನ್ನಬೇಕು. ಮದುವೆಯಾಗಿ ಬಂದ ವಾರವೇ ಶುರುವಾದದ್ದು. ಗೌರಿಪೂಜೆಗೆ ಅವಳು ಆರಿಸಿದ ಕಾಯಿ ಹೂವಿನ ಹಾಗೆ ಎರಡು ಹೋಳಾಗಿ ಬಿದ್ದಿತ್ತು, ಅಂಜನಮ್ಮ ಬೀದಿಗೆಲ್ಲ ಕೇಳುವ ಹಾಗೆ, "ನಮ್ಮ ಸೊಸೆ ಕೈಗುಣ" ಎಂದಿದ್ದರು. ಆಮೇಲೆ ಆ ಮನೆಯಲ್ಲಿ ಅಡುಗೆಮನೆಯ ಕಿಟಕಿ ಎಲ್ಲಿರಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ. ಮಗಳನ್ನು ಯಾವ ಕಾಲೇಜಿಗೆ ಹಾಕಬೇಕು, ಅವಳಿಗೆ ತುಮಕೂರಿನ ವರ ಆದೀತೇ ಬೇಡವೇ, ಅದನ್ನೂ ಕೇಳಲಿಲ್ಲ. ಆದರೆ ಕಾಯಿಯ ವಿಷಯದಲ್ಲಿ ಗಂಡಸರೂ ಮಾತು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿದಾಗ ಮನೆಯಲ್ಲಿ ಬೀಳುತ್ತಿದ್ದ ಆ ಮೌನ ಅವಳಿಗೆ ಬಲು ಇಷ್ಟ. ಅಷ್ಟು ಹೊತ್ತು ಬೇಕಿಲ್ಲದಿದ್ದರೂ ಅವಳು ಕಣ್ಣನ್ನು ಇನ್ನೂ ಸ್ವಲ್ಪ ಮುಚ್ಚಿಕೊಂಡೇ ಇರುತ್ತಿದ್ದಳು.

ಈಗ ಆ ಜಾಗಕ್ಕೆ ರಬ್ಬರ್ ಗುಂಡಿಯದೊಂದು ಬಂದಿತ್ತು.

ಬಂದದ್ದು ಎಂಥ ಸಮಯಕ್ಕೆ ಅಂತೀರಿ! ಲಕ್ಷ್ಮೀಪತಿಯ ಮಗಳು ರೇವತಿಯ ಮದುವೆ ಬರುವ ತಿಂಗಳು. ಗಂಡಿನ ಮನೆ ಕೆಂಗೇರಿ. ಅವರಲ್ಲಿ ಒಂದು ಪದ್ಧತಿ: ಧಾರೆ ಎರೆಯುವಾಗ ಹೆಣ್ಣುಗಂಡಿನ ಕೈಯಲ್ಲಿ ಹಿಡಿಸುವ ಕಾಯನ್ನು ಹೆಣ್ಣು ಗಂಡನ ಮನೆಗೆ ತೆಗೆದುಕೊಂಡು ಹೋಗಬೇಕು, ಮನೆ ತುಂಬಿಸಿದ ಮೇಲೆ ಅಲ್ಲಿಯ ಅಡುಗೆಮನೆಯಲ್ಲಿ ಒಡೆದು, ಮೊದಲ ಪಾಯಸಕ್ಕೆ ಹಾಕಬೇಕು. ಆ ಮನೆಯ ಹಿರಿಯ ಸೊಸೆ ತಂದ ಕಾಯಿ ಒಳಗೆ ಕೊಳೆತಿತ್ತಂತೆ. ಅದಾಗಿ ಹತ್ತು ವರ್ಷದ ಮೇಲಾಯಿತು. ಇವತ್ತಿಗೂ ಆ ಮನೆಯಲ್ಲಿ ಹಾಲು ಒಡೆದರೆ, ಬಸ್ಸು ತಪ್ಪಿದರೆ, ಫ್ಯಾನು ನಿಂತರೆ, ಬೀಗಿತ್ತಿ ತಿರುಗಿ ಹಿರಿಯ ಸೊಸೆಯನ್ನು ನೋಡುತ್ತಾಳಂತೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ನೋಡುತ್ತಾಳೆ ಅಷ್ಟೆ.

ಇದನ್ನು ಕೇಳಿದ ದಿನದಿಂದ ರೇವತಿಯ ತಾಯಿ ಸತ್ಯವತಿಗೆ ನಿದ್ದೆಯಿರಲಿಲ್ಲ. "ಧಾರೆ ಕಾಯಿ ನೀವೇ ಆರಿಸ್ಬೇಕು ತುಂಗಕ್ಕ, ಇನ್ಯಾರನ್ನೂ ನಂಬಲ್ಲ" ಎಂದು ಕೈ ಹಿಡಿದುಕೊಂಡಿದ್ದಳು. ಅವಳ ಗಂಡ ಲಕ್ಷ್ಮೀಪತಿಗೋ ಯಂತ್ರದ ಹುಚ್ಚು. "ಎಂಬತ್ತೇಳರಲ್ಲಿ ಕೂತು ಇನ್ನೂ ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸೋದಾ? ಅತ್ತಿಗೆ, ನೀವು ಬೇಜಾರು ಮಾಡ್ಕೋಬೇಡಿ. ಗಿರಿ ಯಂತ್ರ ಹೇಳಿದ ಕಾಯೇ ಧಾರೆಗೆ" ಎಂದು ಹಟ ಹಿಡಿದಿದ್ದ.

ಕೊನೆಗೆ ವೆಂಕಟಗಿರಿಯೇ ದಾರಿ ಹುಡುಕಿದರು. ಒಂದು ಭಾನುವಾರ ಇಪ್ಪತ್ತು ಹೊಸ ಕಾಯಿ. ಯಂತ್ರವೂ ಹೇಳಲಿ, ತುಂಗಾಳೂ ಹೇಳಲಿ. ಎಲ್ಲರೆದುರು ಒಡೆಯೋಣ. ಗೆದ್ದವರದ್ದು ಧಾರೆಯ ಕಾಯಿ.

"ನಲವತ್ತು ಬೇಕು ಅಂದ್ರಲ್ಲ?" ಎಂದಳು ತುಂಗಾ.

"ಅಮ್ಮ ಇಪ್ಪತ್ತಕ್ಕೆ ಒಪ್ಪಿದಾಳೆ" ಎಂದರು ವೆಂಕಟಗಿರಿ.

ಕಾಯಿ ತಂದವನು ಮಾಗಡಿ ರಸ್ತೆಯ ಚಿಕ್ಕಮುನಿಯಪ್ಪ. ಶನಿವಾರ ಸಂಜೆ ಮೂಟೆ ಇಳಿಸುವಾಗಲೇ ಅವನ ಮುಖ ಊದಿಕೊಂಡಿತ್ತು. ಯಂತ್ರ ಕಲಿಯುವುದಕ್ಕೆ ಕೆಟ್ಟ ಕಾಯಿಯೂ ಬೇಕು, ನಾಲ್ಕಾರು ಕೆಟ್ಟದ್ದನ್ನೇ ಆರಿಸಿ ಕೊಡಪ್ಪ ಎಂದು ವೆಂಕಟಗಿರಿ ಹಿಂದೊಮ್ಮೆ ಕೇಳಿದ್ದು ಅವನಿಗೆ ಇನ್ನೂ ಜೀರ್ಣವಾಗಿರಲಿಲ್ಲ.

"ನೋಡಿ ಸ್ವಾಮಿ, ನಮ್ಮಪ್ಪನ ಕಾಲದಿಂದ ಯಾಪಾರ. ನನ್ನತ್ರ ಕೆಟ್ಟ ಕಾಯಿ ಅಂತ ಒಂದೂ ಇಲ್ಲ."

"ಹೋದ ಸಲ ಮೂವತ್ತರಲ್ಲಿ ಮೂರು ಕೆಟ್ಟಿತ್ತಲ್ಲಪ್ಪ!"

"ನಿಮ್ಮನೇಗ್ ಬಂದ್ಮೇಲ್ ಕೆಟ್ಟಿರ್ತವೆ. ಲಟ್ಟಣಿಗೇಲಿ ಹಂಗ್ ಬಡುದ್ರೆ ಯಾವ್ದ್ ಚೆಂದಾಗಿರ್ತದೆ?"

ಆ ಸಂಜೆಯೇ ವೆಂಕಟಗಿರಿ ಕಾಯಿಗಳಿಗೆ ಸುಣ್ಣದಲ್ಲಿ ನಂಬರು ಹಾಕಿ, ಒಂದೊಂದನ್ನೇ ತಟ್ಟಿ, ಸದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟರು. ಭಾನುವಾರ ಬೆಳಗ್ಗೆ ಹಜಾರದಲ್ಲಿ ಚಾಪೆ ಹಾಸಿತ್ತು. ಲಕ್ಷ್ಮೀಪತಿ, ಸತ್ಯವತಿ, ಮಾತಾಡದೆ ಉಗುರು ಕಚ್ಚುತ್ತಿದ್ದ ರೇವತಿ, ಧಾರಾವಾಹಿ ನೋಡಲೆಂದು ಬಂದು ಟೀವಿಗೆ ಈ ಗತಿ ಬಂದಿದೆಯೆಂದು ತಿಳಿದು ಪೆಚ್ಚಾಗಿ ಕೂತ ಎದುರುಮನೆಯವರು. ಅವರ ಮುಂದೆ ಮಿಠಾಯಿಯ ತಟ್ಟೆ ಹಿಡಿಯುತ್ತ ತುಂಗಾ ಅವರ ಕೆಮ್ಮಿನ ಬಗ್ಗೆ ಬಹಳ ಕಾಳಜಿಯಿಂದ ವಿಚಾರಿಸಿದಳು.

ಮೊದಲ ಸರದಿ ಯಂತ್ರದ್ದು. ವೆಂಕಟಗಿರಿ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿದರು. ವೈರು ಸಿಕ್ಕಿಸಿದರೆ ಸದ್ದು ಹೊರಗೆ ಬರುವುದಿಲ್ಲ, ನೇರ ಯಂತ್ರದ ಒಳಗೇ ಹೋಗುತ್ತದೆ. ಪ್ರತಿ ನಂಬರಿಗೂ ಅವರು ಒಂದು ಗುಂಡಿ ಒತ್ತುವರು, ಟೀವಿಯ ಅಂಚಿನಲ್ಲಿ ಗೆರೆಗಳು ಕುಣಿಯುವವು, ಉತ್ತರ ಮೂಡುವುದು. ಲಕ್ಷ್ಮೀಪತಿ ಗಟ್ಟಿಯಾಗಿ ಓದಿದ. "ಒಂದು: ಒಳ್ಳೇದು. ಎರಡು: ಒಳ್ಳೇದು. ಮೂರು: ಒಳ್ಳೇದು…" ಇಪ್ಪತ್ತನೆಯದರವರೆಗೆ ಯಂತ್ರ ಯಾರನ್ನೂ ನೋಯಿಸಲಿಲ್ಲ.

"ನೋಡುದ್ರಾ?" ಎಂದ ಚಿಕ್ಕಮುನಿಯಪ್ಪ. ಪರೀಕ್ಷೆಯಲ್ಲಿ ತನ್ನ ಮಾನವೂ ಇದೆಯೆಂದು ಅವನೂ ಬಂದು ಬಾಗಿಲಲ್ಲಿ ಕೂತಿದ್ದ. "ಮಿಸಿನ್‌ಗ್ ಗೊತ್ತು."

ಆಮೇಲೆ ತುಂಗಾ.

ಕಾಯಿ ಕೈಗೆತ್ತಿಕೊಂಡಾಗಲೇ ಅವಳಿಗೆ ಏನೋ ಬೇರೆಯೆನ್ನಿಸಿತು. ಇಷ್ಟು ವರ್ಷ ಅವಳು ಗುಡ್ಡೆಯಲ್ಲಿ ಒಂದು ಒಳ್ಳೆಯದನ್ನು ಎತ್ತಿ "ಇದು" ಎಂದಿದ್ದಳೇ ಹೊರತು, ಪ್ರತಿಯೊಂದಕ್ಕೂ ಹೌದು ಅಲ್ಲ ಎಂದು ತೀರ್ಪು ಕೊಟ್ಟಿರಲಿಲ್ಲ. ಅವಳು ಬೇಡವೆಂದು ಬಿಟ್ಟ ಕಾಯಿಗಳು ಅಂಗಡಿಗೆ ಹಿಂದಿರುಗುತ್ತಿದ್ದವು; ಅವು ನಿಜವಾಗಿ ಕೆಟ್ಟಿದ್ದವೇ ಎಂದು ಯಾರೂ ಒಡೆದು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಮೊದಲ ಆರು ಕಾಯಿ ಒಳ್ಳೆಯದೆಂದಳು. ಏಳನೆಯದು ಮಂಕಾಗಿ ಕೇಳಿಸಿತು, ಕೆಟ್ಟದ್ದು. ಹತ್ತು ದಾಟಿದ ಮೇಲೆ ಬರೀ ಒಳ್ಳೆಯದು ಒಳ್ಳೆಯದು ಎನ್ನುತ್ತ ಹೋದರೆ ತನಗೇನು ಮರ್ಯಾದೆ ಎನ್ನಿಸತೊಡಗಿತು. ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದಾರೆ, ಅದೂ ಆ ಮೌನದಲ್ಲಿ. ಹನ್ನೆರಡನೆಯದನ್ನು ಎರಡು ಸಲ ತಟ್ಟಿ, "ಉಹುಂ" ಎಂದಳು. ಹದಿನಾರನೆಯದಕ್ಕೂ ತಲೆಯಾಡಿಸಿದಳು. ಚಿಕ್ಕಮುನಿಯಪ್ಪ, "ಅಮ್ಮೋರೆ, ನೀವೂನಾ?" ಎಂದು ನೊಂದುಕೊಂಡ.

ಒಡೆಯುವ ಕೆಲಸ ಲಕ್ಷ್ಮೀಪತಿಯದು. ಹೊಸ್ತಿಲ ಆಚೆ ಕಲ್ಲಿನ ಮೇಲೆ ಠಪ್ ಠಪ್ ಎಂದು ಒಡೆದ. ಸತ್ಯವತಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತ ಹೋದಳು. ಏಳನೆಯದು ಒಡೆದಾಗ ಎದುರುಮನೆಯವರು ನಿಜವಾಗಿಯೇ ಕೆಮ್ಮಿದರು, ಅಂಥ ವಾಸನೆ. "ನನ್ ತುಂಗಕ್ಕ!" ಎಂದು ಸತ್ಯವತಿ ಕೈ ತಟ್ಟಿದಳು. ಆದರೆ ಹನ್ನೆರಡನೆಯದು ಬೆಳ್ಳಗೆ ನಗುತ್ತಿತ್ತು. ಹದಿನಾರನೆಯದು ಅದಕ್ಕಿಂತ ಬೆಳ್ಳಗೆ. ಹತ್ತೊಂಬತ್ತನೆಯದನ್ನು ತುಂಗಾ ಒಳ್ಳೆಯದು ಎಂದಿದ್ದಳು. ಅದರೊಳಗೆ ಬೂದಿಬಣ್ಣದ ನೀರಿತ್ತು.

ಎಣಿಸಿದರು. ಯಂತ್ರ ಇಪ್ಪತ್ತಕ್ಕೆ ಹದಿನೆಂಟು. ತುಂಗಾ ಹದಿನೇಳು.

ರೇವತಿ ತಾಯಿಯ ಮುಖ ನೋಡಿದಳು. ಅಂಜನಮ್ಮ, "ಒಂದು ಕಾಯಿ ಹೆಚ್ಚು ಕಮ್ಮಿ, ಅದೇನು ಮಹಾ" ಎಂದು ಸೊಸೆಯ ಪರ ವಹಿಸಿದ್ದೇ ತುಂಗಾಳಿಗೆ ಇನ್ನಷ್ಟು ಚುಚ್ಚಿತು.

"ಅಮ್ಮ ಸರಿಯಾಗೇ ಹೇಳಿದ್ಲು" ಎಂದು ವೆಂಕಟಗಿರಿ ಎದ್ದುನಿಂತರು. "ಯಂತ್ರದ್ದು ಎಪ್ಪತ್ತರಿಂದ ತೊಂಬತ್ತೇಳರ ನಡುವೆ. ತುಂಗಾಳದ್ದು ಅರವತ್ತನಾಲ್ಕರಿಂದ ತೊಂಬತ್ತೈದು. ಒಂದರ ಮೇಲೊಂದು ಬಿದ್ದಿವೆ. ಯಾರು ಮೇಲು ಅಂತ ಹೇಳೋಕೆ ಬರಲ್ಲ."

"ಏನ್ ಗುರು ನೀನು? ಸ್ವಂತ ಯಂತ್ರ ಗೆದ್ರೂ ಗೆದ್ದಿಲ್ಲ ಅಂತೀಯಲ್ಲ! ಹೆಂಡ್ತಿಗೆ ಅಷ್ಟು ಹೆದರ್ತೀಯಾ?" ಎಂದ ಲಕ್ಷ್ಮೀಪತಿ.

"ಹೆದರ್ತೀನಿ, ಅದು ಬೇರೆ ವಿಷಯ. ಇದು ಲೆಕ್ಕ. ಇದೇ ಥರ ನೂರು ಸಲ ಪರೀಕ್ಷೆ ಮಾಡಿ, ನೂರು ಸಲ ಇಂಥ ಅಂತರ ಹಾಕಿದ್ರೆ, ತೊಂಬತ್ತೈದು ಸಲ ನಿಜ ಅದರೊಳಗೆ ಇರುತ್ತೆ."

"ಈ ಸಲದ್ದು ಆ ತೊಂಬತ್ತೈದರಲ್ಲಿ ಸೇರಿದ್ದೋ, ಉಳಿದ ಐದರಲ್ಲೋ?" ಎಂದು ತುಂಗಾ ಕೇಳಿದಳು.

"ಅದು ಗೊತ್ತಾಗಲ್ಲ."

"ಮತ್ತೆ?"

"ಅದಕ್ಕೇ ಅದಕ್ಕೆ ಕಾನ್ಫಿಡೆನ್ಸ್ ಅನ್ನೋದು" ಎಂದರು ವೆಂಕಟಗಿರಿ, ಬಹಳ ಸಮಾಧಾನದಿಂದ.

ಲಕ್ಷ್ಮೀಪತಿ ಬಿಡಲಿಲ್ಲ. ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕೋಣ, ಯಂತ್ರಕ್ಕೆ ಎರಡನೆಯ ಅವಕಾಶ ಕೊಡೋಣ ಎಂದ. ರಿವೈಂಡ್ ಮಾಡುವ ಭರದಲ್ಲಿ ವೈರು ಕಿತ್ತು ಬಂತು. ಟೇಪ್ ರೆಕಾರ್ಡರಿನಿಂದ ಸದ್ದು ಹೊರಗೆ ಬಿತ್ತು. ಅದು ಕಾಯಿ ತಟ್ಟಿದ ಸದ್ದಲ್ಲ. ಅಂಜನಮ್ಮ ದೇವರನಾಮ ಹಾಡುತ್ತಿದ್ದರು. ಮಧ್ಯೆ ಒಮ್ಮೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ತುಂಗಾ, ಹಾಲು ಉಕ್ತಾ ಇದೆ ನೋಡೇ" ಎಂದು ಕೂಗಿ, ಮತ್ತೆ ಅದೇ ಶ್ರುತಿಗೆ ಹತ್ತಿದರು.

ಹಜಾರದಲ್ಲಿ ಎಲ್ಲರೂ ಅಂಜನಮ್ಮನ ಕಡೆ ತಿರುಗಿದರು.

"ನಂಗೇನೋ ಗೊತ್ತು?" ಎಂದರು ಅಂಜನಮ್ಮ. "ಬೆಳಗ್ಗೆ ಪೂಜೆ ಮುಗಿಸಿ ಹಾಕಿ ನೋಡ್ದೆ. ಬರೀ ಟೊಕ್ ಟೊಕ್ ಅಂತಿತ್ತು. ಕ್ಯಾಸೆಟ್ ಕೆಟ್ಟೋಗಿದೆ, ಸುಮ್ನೆ ಯಾಕೆ ಹಾಳಾಗ್ಬೇಕು ಅಂತ, ಮಂಗಳವಾರದ ಭಜನೆಗೆ ಅಭ್ಯಾಸ ಮಾಡ್ಕೊಂಡೆ."

ನಗು ಎಲ್ಲಿಂದ ಎದ್ದಿತೋ, ಮೊದಲು ರೇವತಿಯಿಂದಲೇ ಇರಬೇಕು, ಹಜಾರವನ್ನೆಲ್ಲ ತುಂಬಿತು. ಚಿಕ್ಕಮುನಿಯಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಯಂತ್ರ ಅಂಜನಮ್ಮನ ಹಾಡನ್ನು ಇಪ್ಪತ್ತು ಸಲ ಕೇಳಿ ಇಪ್ಪತ್ತು ಸಲವೂ ಒಳ್ಳೆಯದು ಎಂದಿತ್ತು. ಅಂಜನಮ್ಮ ಮಾತ್ರ ನಗಲಿಲ್ಲ. "ಅದಕ್ಕೇನಾದ್ರೂ ಜ್ಞಾನ ಇದೆ ಅಂತಾಯ್ತು" ಎಂದರು.

ವೆಂಕಟಗಿರಿ ತಲೆಯ ಮೇಲೆ ಕೈ ಹೊತ್ತು ಕೂತರು. ಕಲಿಸಿದ ಮೂವತ್ತರಲ್ಲಿ ಇಪ್ಪತ್ತೇಳು ಒಳ್ಳೆಯ ಕಾಯಿ. ಯಂತ್ರ ಕಲಿತದ್ದು ಇಷ್ಟೇ, ಏನು ಕೇಳಿಸಿದರೂ ಒಳ್ಳೆಯದು ಎಂದುಬಿಡುವುದು. ಹಿಂದಿನ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಬಂದದ್ದೂ ಹೀಗೆಯೇ. "ನಮ್ಮ ಫ್ಯಾಕ್ಟ್ರಿ ಸೂಪರ್‌ವೈಸರ್ ಥರ ಅನ್ನು, ನೋಡ್ದೆ ಓಕೆ ಮುದ್ರೆ ಒತ್ತೋದು" ಎಂದ ಲಕ್ಷ್ಮೀಪತಿ. ಸೋತದ್ದನ್ನು ಒಪ್ಪಿಕೊಂಡು, "ಸರಿ ಅತ್ತಿಗೆ, ಧಾರೆ ಕಾಯಿ ನಿಮ್ದೇ" ಎಂದು ಕೈ ಮುಗಿದ.

ಸತ್ಯವತಿ ಓಡಿಬಂದು ತಬ್ಬಿಕೊಂಡಳು. "ನಂಗೊತ್ತಿತ್ತು ತುಂಗಕ್ಕ!"

ತುಂಗಾಳೂ ನಕ್ಕಳು. ನಗುತ್ತಲೇ ಸೀಮೆಸುಣ್ಣದ ಗೀಟುಗಳನ್ನು ಒರೆಸಲು ಬಟ್ಟೆ ತಂದು ಬಗ್ಗಿದವಳಿಗೆ, ಗೀಟುಗಳು ಕಣ್ಣೆದುರಿಗೇ ಇದ್ದವು. ಏನೂ ಕೇಳಿಸಿಕೊಳ್ಳದ ಯಂತ್ರಕ್ಕೆ ಹದಿನೆಂಟು. ಕಿವಿಗೊಟ್ಟು, ಕಣ್ಣು ಮುಚ್ಚಿ, ಇಪ್ಪತ್ತಮೂರು ವರ್ಷದ ಹೆಸರು ಹೊತ್ತು ಕೇಳಿದ ತನಗೆ ಹದಿನೇಳು. ಅಷ್ಟು ಜನರಲ್ಲಿ ಯಾರಿಗೂ ಇದು ಹೊಳೆಯಲಿಲ್ಲವೇ? ವೆಂಕಟಗಿರಿಗೆ? ಅವರು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸುಮ್ಮನೆ ಎಲ್ಲದಕ್ಕೂ ಚೆನ್ನಾಗಿದೆ ಎಂದಿದ್ದರೆ ತಾನು ಇದಕ್ಕಿಂತ ಒಳ್ಳೆಯವಳಾಗುತ್ತಿದ್ದೆ. ಬಹುಶಃ ಇಪ್ಪತ್ತಮೂರು ವರ್ಷ ಮಾಡಿದ್ದೂ ಅಷ್ಟೇ. ಕಾಯಿಗಳೇ ಒಳ್ಳೆಯವಾಗಿದ್ದವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಆದರೆ ಏಳನೆಯದು? ಅದು ನಿಜವಾಗಿ ಮಂಕಾಗಿ ಕೇಳಿಸಿತ್ತು.

ಮಧ್ಯಾಹ್ನ ಕಾಯಿಹಾಲಿನ ಪಾಯಸ ಬಡಿಸುತ್ತ ಅವಳು ಯಾವುದೋ ಮಾತಿನ ನಡುವೆ ಎಂಬಂತೆ ಕೇಳಿದಳು. "ರೀ, ಕೆಟ್ಟ ಕಾಯಿ ಎರಡಿತ್ತು. ಅದರಲ್ಲಿ ಒಂದನ್ನ ಒಬ್ರು ಹಿಡಿದ್ರು ಅಂತಿಟ್ಕೊಳ್ಳಿ. ಕೆಟ್ಟದ್ದನ್ನ ಹಿಡಿಯೋ ಅವರ ಯೋಗ್ಯತೆ ಎಷ್ಟರಿಂದ ಎಷ್ಟರ ನಡುವೆ?"

ವೆಂಕಟಗಿರಿ ಪಾಯಸದ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿ, ಬೆರಳಲ್ಲಿ ಎಲೆಯ ಮೇಲೆ ಲೆಕ್ಕ ಮಾಡಿದರು. "ಎರಡರಲ್ಲಿ ಒಂದಾ? ಒಂದರಿಂದ ತೊಂಬತ್ತೊಂಬತ್ತು."

"ಅಂದ್ರೆ ಏನೂ ಗೊತ್ತಿಲ್ಲ ಅಂತ."

"ಏನೂ ಗೊತ್ತಿಲ್ಲ ಅಂತ."

ಯಾಕೋ ತುಂಗಾಳಿಗೆ ಹಗುರವಾಯಿತು. ಏನೂ ಗೊತ್ತಿಲ್ಲ ಎನ್ನುವುದು, ಏನೂ ಇಲ್ಲ ಎಂದ ಹಾಗಲ್ಲ. ಅವಳು ಗಂಡನಿಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ಅವರ ಮುಖ ನೋಡುವಂತಿತ್ತು.

ಆದರೆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ತನ್ನ ಹೆಸರಿನ ಗತಿ ಏನಾದರೂ ಆಗಲಿ, ಕೆಂಗೇರಿಯ ಅಡುಗೆಮನೆಯಲ್ಲಿ ಕಾಯಿ ಒಡೆಯುವಾಗ ನಿಂತಿರಬೇಕಾದವಳು ರೇವತಿ. ಮದುವೆಗೆ ಮುಂಚೆ ಸತ್ಯವತಿ ಇನ್ನೊಂದು ಮಾತು ಕೇಳಿದ್ದಳು: ಮನೆ ತುಂಬಿಸುವಾಗ ಹೆಣ್ಣಿನ ಜೊತೆ ಹಿರಿಯ ಮುತ್ತೈದೆಯೊಬ್ಬರು ಹೋಗಬೇಕು, ನೀವೇ ಹೋಗ್ತೀರಾ ಎಂದು. ಮಂಡಿನೋವು, ಅತ್ತೆಯನ್ನು ಬಿಟ್ಟು ಬರಲಾಗದು ಎಂದು ತುಂಗಾ ಒಲ್ಲೆನೆಂದಿದ್ದಳು.

ವಿಜಯನಗರದ ಛತ್ರದಲ್ಲಿ, ಮದುವೆಯ ಹಿಂದಿನ ಸಂಜೆ, ಉಗ್ರಾಣದ ಕೋಣೆಯಲ್ಲಿ ತಾಂಬೂಲದ ಚೀಲಗಳಿಗೆಂದು ತರಿಸಿದ ಕಾಯಿಗಳ ಮೂಟೆಗಳಿದ್ದವು. ಒಂದು ಮೂಟೆಯನ್ನು ಜಮಖಾನೆಯ ಮೇಲೆ ಸುರಿದರು. ಹೆಂಗಸರೆಲ್ಲ ಸುತ್ತ ಕೂತರು. ಲಕ್ಷ್ಮೀಪತಿಯೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ತುಂಗಾ ಕಾಯಿ ಎತ್ತಿದಳು, ತಟ್ಟಿದಳು, ಕಿವಿಗೆ ಹಿಡಿದು ಅಲುಗಿಸಿದಳು, ಕಣ್ಣು ಮುಚ್ಚಿದಳು. ಮೌನ ಬಿತ್ತು. ಮೊದಲ ಸಲ ಅವಳಿಗೆ ಆ ಮೌನ ಬೇಡವಾಗಿತ್ತು. ಅದರಾಚೆ ಕಾಯಿಯೊಳಗಿನ ನೀರಿನ ಸದ್ದನ್ನು ಅವಳು ನಿಜವಾಗಿ ಕೇಳಬೇಕಿತ್ತು. ಐದಾರು ಕಾಯಿ ಬಿಟ್ಟು ಏಳೆಂಟು ಮತ್ತೆ ಮತ್ತೆ ತಟ್ಟಿದಳು. ಅವುಗಳಲ್ಲೊಂದು ಕಾಯಿ ದೇವರ ಗಂಟೆಯಂತೆ ಸ್ಪಷ್ಟವಾಗಿ ಕೇಳಿಸಿತು. ಗಂಟೆಯಂತೆ ಕೇಳಿಸಲಿ ಎಂದು ತಾನು ಬಯಸಿದ್ದರಿಂದ ಹಾಗೆ ಕೇಳಿಸಿತೋ, ಕಣ್ಣು ತೆರೆದಾಗ ಅದೂ ಗೊತ್ತಿರಲಿಲ್ಲ.

ಸುತ್ತ ಕೂತವರ ಮುಖ ನೋಡಿದಳು. ಸತ್ಯವತಿ ಆಗಲೇ ಅರಿಶಿನದ ಬಟ್ಟಲು ಹತ್ತಿರ ಎಳೆದುಕೊಂಡಿದ್ದಳು. ರೇವತಿ, ಕೈಗೆ ಹಚ್ಚಿದ ಮೆಹಂದಿ ಕೆಡದಂತೆ ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದು, ಕಾಯನ್ನಲ್ಲ, ತುಂಗಾಳನ್ನೇ ನೋಡುತ್ತಿದ್ದಳು. ಈ ಹುಡುಗಿಗೆ ಅರವತ್ತನಾಲ್ಕರಿಂದ ತೊಂಬತ್ತೈದರ ನಡುವೆ ಎಲ್ಲೋ ಎಂದು ಹೇಳುವುದು ಹೇಗೆ?

"ಇದು" ಎಂದಳು ತುಂಗಾ.

"ಮುಗೀತಲ್ಲ, ಇನ್ನು ನಂಗೆ ಯೋಚನೆ ಇಲ್ಲ" ಎಂದು ಸತ್ಯವತಿ ಕಾಯಿಗೆ ಅರಿಶಿನ ಹಚ್ಚಲು ಕೂತಳು.

"ಸತ್ಯಾ, ಕೆಂಗೇರಿಗೆ ರೇವತಿ ಜೊತೆ ನಾನೇ ಹೋಗ್ತೀನಿ ಕಣೇ."

"ಮಂಡಿ ನೋವು ಅಂದ್ರಿ?"

"ಕಮ್ಮಿ ಆಗಿದೆ. ತೆಂಗಿನೆಣ್ಣೆ ಹಚ್ಚಿದ್ದೆ. ಮನೇಲಿ ಬೇಕಾದಷ್ಟು ಇದೆಯಲ್ಲ."

ಎಲ್ಲರೂ ನಕ್ಕು ಎದ್ದು ಊಟಕ್ಕೆ ಹೊರಟರು. ತುಂಗಾ ಒಬ್ಬಳೇ ಉಳಿದಳು, ಕಾಯಿಗಳನ್ನು ಮೂಟೆಗೆ ತುಂಬಿಡುತ್ತೇನೆ ಎಂದು ಹೇಳಿ. ಹತ್ತರಲ್ಲಿ ಒಂದು ಕೆಟ್ಟಿರುತ್ತದೆ ಎಂದರೆ, ಜೊತೆಗೆ ಇನ್ನೊಂದು ಕಾಯಿ ಇದ್ದರೆ ಎರಡೂ ಕೆಟ್ಟಿರುವುದು ನೂರರಲ್ಲಿ ಒಂದು. ಮೂರಾದರೆ ಸಾವಿರದಲ್ಲಿ ಒಂದು. ಇಷ್ಟು ಲೆಕ್ಕ ಅವಳಿಗೂ ಬರುತ್ತಿತ್ತು. ಸುರಿದ ಗುಡ್ಡೆಯಿಂದ ಎತ್ತಿಕೊಳ್ಳಲು ಕೈ ಚಾಚಿದವಳು ತಡೆದಳು; ಒಂದೇ ಮರದ್ದಾದರೆ ಒಟ್ಟಿಗೇ ಕೆಟ್ಟಿರಬಹುದು. ಮೂಲೆಯಲ್ಲಿದ್ದ ಬೇರೆ ಮೂಟೆಯ ಬಾಯಿ ಬಿಚ್ಚಿ ಒಂದು, ಅದರಾಚೆಯ ಮೂಟೆಯಿಂದ ಇನ್ನೊಂದು ತೆಗೆದು, ಕೆಂಗೇರಿಗೆ ಕೊಂಡೊಯ್ಯುವ ತನ್ನ ಚೀಲದಲ್ಲಿ ಸೀರೆಗಳ ಕೆಳಗೆ ಇಟ್ಟಳು. ಎರಡಕ್ಕೂ ಅರಿಶಿನ ಹಚ್ಚಿದಳು. ಒಂದನ್ನೂ ತಟ್ಟಿ ನೋಡಲಿಲ್ಲ.

"ಏನೇ ಇದು, ಇಷ್ಟು ಭಾರ?" ಎಂದರು ವೆಂಕಟಗಿರಿ, ಊಟಕ್ಕೆ ಕರೆಯಲು ಬಂದವರು ಚೀಲ ಎತ್ತಿ ಬದಿಗಿಡುತ್ತ.

"ರೇಷ್ಮೆ ಸೀರೆ ರೀ. ಜರಿ."

ಅವರ ಹಿಂದೆ ಊಟದ ಮನೆಗೆ ನಡೆಯುತ್ತ ಅವಳು ಎಲ್ಲವನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಳು. ಆ ಮನೆಯ ಅಡುಗೆಮನೆಯಲ್ಲಿ, ಹೆಣ್ಣಿನ ಕಡೆಯ ಹಿರಿಯಳೆಂದು, ಧಾರೆಯ ಕಾಯನ್ನು ತಾನೇ ಒಡೆಯುವುದು. ಬಾಗಿಲ ಕಡೆ ಬೆನ್ನು ಹಾಕಿ ಕೂರುವುದು. ನೀರಿನ ವಾಸನೆ ಸರಿಯಿಲ್ಲವೆನ್ನಿಸಿದರೆ, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ, ಚೀಲದಿಂದ ಎರಡನೆಯದು; ಅದೂ ಕೆಟ್ಟಿದ್ದರೆ ಮೂರನೆಯದು. ಬೀಗಿತ್ತಿ ನೋಡಿದರೆ ನೋಡಲಿ, ಬೆಳ್ಳನೆಯ ಹೋಳನ್ನು. ಯಾರಿಗೂ ಹೇಳುವುದಿಲ್ಲ, ಸತ್ಯವತಿಗೆ ಇಲ್ಲ, ಗಂಡನಿಗೆ ಇಲ್ಲ, ರೇವತಿಗಂತೂ ಎಂದಿಗೂ ಇಲ್ಲ.